ಸರ್ಕಾರಿ ಗೊಬ್ಬರ ಅಗ್ಗ. ಆದರೆ ಹೊಲ ಕೇಳ್ತಿರೋದು ಅದನ್ನಲ್ಲ

ಹನೂರಿನ ಹತ್ತಿರ ನಮ್ಮ ಸೋದರಮಾವನಿಗೆ ಮೂರೂವರೆ ಎಕರೆ ಹೊಲ ಇದೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಒಂದು ಮುಂಗಾರಿನಲ್ಲಿ ಊರಿಗೆ ಹೋದಾಗ ಮಾವ ಮೊದಲು ತೋರಿಸಿದ್ದು ಹೊಲವನ್ನಲ್ಲ, ಮೊಬೈಲನ್ನು. ಅದರಲ್ಲೊಂದು ಹಿಂದಿ ವಿಡಿಯೋ. ಎದೆಮಟ್ಟ ನಿಂತ ಗೋಧಿ ಗದ್ದೆ, ಬೆನ್ನಿಗೆ ಪಂಪು ಕಟ್ಟಿಕೊಂಡ ರೈತ, 'ಈ ಸ್ಪ್ರೇ ಮಾಡಿ, ಇಳುವರಿ ಡಬಲ್' ಅನ್ನೋ ಮಾತು. ಯಾರೋ ಕೆಳಗೆ ಕನ್ನಡದಲ್ಲಿ ಅಕ್ಷರ ಕೂರಿಸಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು.

"ಅಲ್ಲ ಕನ ಅಳಿಯ, ಅವ್ರು ಗೋದಿಗೆ ಹೊಡುದ್ರೆ ಹಂಗ್ ಬತ್ತದೆ. ನಾನು ಜೋಳಕ್ಕೆ ಮೂರ್ ಸಲ ಹೊಡುದೆ, ಇದ್ಯಾಕ್ ಹಿಂಗದೆ ನೋಡು."

ಹೊಲದಲ್ಲಿ ಮೊಣಕಾಲುದ್ದದ ಮುಸುಕಿನ ಜೋಳ. ಹೊಸ ಎಲೆಗಳಲ್ಲಿ ನಡುನರದ ಎರಡೂ ಬದಿಗೆ ಬಿಳಿ ಪಟ್ಟೆ. ಕೊಟ್ಟಿಗೆ ಮೂಲೆಯಲ್ಲಿ ಖಾಲಿ ಬಾಟಲಿಗಳ ಸಾಲು: ಒಂದು ಟಾನಿಕ್, ಒಂದು ನ್ಯಾನೋ ಯೂರಿಯಾ, ಇನ್ನೊಂದರ ಹೆಸರು ಮಾವನಿಗೂ ಓದೋಕಾಗಿರಲಿಲ್ಲ. ಇಷ್ಟನ್ನೂ ಯಾಕೆ ತಂದ್ರಿ ಅಂದೆ. "ಯೂರಿಯಾ ಬೇಕಂದ್ರೆ ಇದ್ನೂ ತಕಂಡೋಗು ಅಂದ್ರು" ಅಂದರು. ಬಾಟಲಿಗಳಿಗೆ ಹೋಗಿದ್ದ ದುಡ್ಡು ಯೂರಿಯಾ ಮೂಟೆಗೆ ಕೊಟ್ಟಿದ್ದಕ್ಕಿಂತ ಜಾಸ್ತಿ.

ನಾನು ಓದಿದ್ದು ಇಂಜಿನಿಯರಿಂಗ್. ಮಣ್ಣಿನ ವಿಷಯ ನನ್ನ ಸಿಲಬಸ್ಸಿನಲ್ಲಿ ಇರಲಿಲ್ಲ. ಆದರೆ ಏನಾದರೂ ಕೆಲಸ ಮಾಡ್ತಿಲ್ಲ ಅಂದರೆ ಎಲ್ಲಿ ಕಟ್ ಆಗಿದೆ ಅಂತ ಹುಡುಕೋ ಚಟ ಇನ್ನೂ ಹೋಗಿಲ್ಲ. ಹಾಗೆ ಹುಡುಕುತ್ತಾ ಹೋದಾಗ ಈ ಬಿಳಿ ಪಟ್ಟೆಯ ಒಂದು ತುದಿ ಮಣ್ಣಿನಲ್ಲೂ ಇನ್ನೊಂದು ತುದಿ ದೆಹಲಿಯಲ್ಲೂ ಇರೋದು ಕಂಡಿತು. ಈ ಲೇಖನ ಅದರ ಬಗ್ಗೆ.

ಎಲೆಯನ್ನು ಓದುವುದು

ಮೊದಲು ರೋಗದ ಗುರುತು. ಸಾರಜನಕ ಕಮ್ಮಿಯಾದರೆ ಜೋಳದ ಹಳೇ ಎಲೆ, ಅಂದರೆ ಬುಡದ ಎಲೆ ಮೊದಲು ಹಳದಿಯಾಗುತ್ತೆ; ತುದಿಯಿಂದ ಶುರುವಾಗಿ ನಡುನರದ ಗುಂಟ ಒಳಕ್ಕೆ ಬರುತ್ತೆ. ಯಾಕಂದರೆ ಗಿಡ ಹಳೇ ಎಲೆಯಲ್ಲಿರೋ ಸಾರಜನಕವನ್ನು ಕಿತ್ತು ಹೊಸ ಎಲೆಗೆ ಕಳಿಸಬಲ್ಲದು. ಸತು, ಅಂದರೆ ಜಿಂಕ್, ಹಾಗೆ ಸುಲಭವಾಗಿ ಜಾಗ ಬಿಟ್ಟು ಕದಲಲ್ಲ. ಹಾಗಾಗಿ ಸತು ಕಮ್ಮಿಯಾದಾಗ ಪೆಟ್ಟು ಬೀಳೋದು ಹೊಸ ಎಲೆಗೆ: ಬುಡದ ಕಡೆಯಿಂದ ಬಿಳಿ ಅಥವಾ ತಿಳಿಹಳದಿ ಪಟ್ಟೆ. ಮಾವನ ಹೊಲದಲ್ಲಿ ಕಂಡಿದ್ದು ಈ ಎರಡನೆಯದು. ಅಂದರೆ ಸಾರಜನಕ ಸಾಲದೆ ಬಂದ ಹಳದಿ ಅಲ್ಲ ಅದು. ಆದರೆ ಎಲೆ ಬೆಳ್ಳಗಾಗಿದ್ದಕ್ಕೆ ಮಾವ ಮಾಡಿದ್ದು ಇನ್ನೊಂದು ಮೂಟೆ ಯೂರಿಯಾ ಎರಚಿದ್ದು.

ಇದರಲ್ಲಿ ಮಾವನ ತಪ್ಪು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಹಳ್ಳಿಯಲ್ಲಿ 'ಗೊಬ್ಬರ' ಅಂದರೆ ತಿಪ್ಪೆಗೊಬ್ಬರ. 'ಸರ್ಕಾರಿ ಗೊಬ್ಬರ' ಅಂದರೆ ಯೂರಿಯಾ, ಡಿಎಪಿ. ಹೆಸರಿನಲ್ಲೇ ಇದೆ ನೋಡಿ: ಸರ್ಕಾರ ಯಾವುದನ್ನು ಅಗ್ಗ ಮಾಡಿತೋ ಅದೇ ಗೊಬ್ಬರ ಆಯಿತು.

ಗೋಧಿಯ ಪಾಠ ಯಾವುದು, ಗೋಧಿಯ ಚೀಟಿ ಯಾವುದು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಗೋಧಿ ಬೆಳೆಯಲ್ಲ. ಗೋಧಿಗೆ ತಂಪಾದ ಚಳಿಗಾಲ ಬೇಕು. ಕರ್ನಾಟಕದಲ್ಲಿ ಅದು ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹಿಂಗಾರಿನ ಬೆಳೆ. ನಮ್ಮ ಕಡೆ ರಾಗಿ, ಮುಸುಕಿನ ಜೋಳ, ಭತ್ತ, ಕಬ್ಬು, ಅರಿಶಿನ, ಹಿಪ್ಪುನೇರಳೆ. ಪಂಜಾಬಿನ ಗೋಧಿ ಗದ್ದೆಗೆ ಬರೆದ ಚೀಟಿಯನ್ನು ಹನೂರಿನ ಒಣ ಹೊಲಕ್ಕೆ ತಂದರೆ, ಪಕ್ಕದ ಮನೆಯವರ ಬಿಪಿ ಮಾತ್ರೆ ನಾವು ನುಂಗಿದ ಹಾಗೆ.

ಆದರೆ ಗೋಧಿಯಿಂದ ಕಲಿಯಬೇಕಾದ ಒಂದು ಪಾಠ ಇದೆ. ಟರ್ಕಿ ದೇಶದ ಮಧ್ಯ ಅನಾತೋಲಿಯಾದಲ್ಲಿ ಗೋಧಿ ಸರಿಯಾಗಿ ಬರ್ತಿರಲಿಲ್ಲ. 1990ರ ದಶಕದಲ್ಲಿ ಇಸ್ಮಾಯಿಲ್ ಚಕ್ಮಾಕ್ ಮತ್ತು ಜೊತೆಯ ವಿಜ್ಞಾನಿಗಳು ಅಲ್ಲಿನ ಮಣ್ಣು ಪರೀಕ್ಷಿಸಿದಾಗ ಮೂಲ ಕೊರತೆ ಸತುವಿನದು ಅಂತ ಗೊತ್ತಾಯ್ತು. ಸತು ಕೊಟ್ಟ ಮೇಲೆ ಇಳುವರಿ ಏರಿತು. ಇನ್ನೊಂದು ವಿಷಯವೂ ತಿಳಿಯಿತು: ಹೂ ಬಿಟ್ಟು ಕಾಳು ಕಟ್ಟೋ ಹೊತ್ತಿಗೆ ಎಲೆಗೆ ಸತು ಸಿಂಪಡಿಸಿದರೆ ಇಳುವರಿ ಅಷ್ಟೇನೂ ಹೆಚ್ಚದಿದ್ದರೂ ಕಾಳಿನೊಳಗಿನ ಸತು ಹೆಚ್ಚುತ್ತೆ. ಅಂದರೆ ಮಣ್ಣಿಗೆ ಕೊಡೋದು ಮುಖ್ಯವಾಗಿ ಇಳುವರಿಗೆ, ತಡವಾಗಿ ಎಲೆಗೆ ಕೊಡೋದು ಮುಖ್ಯವಾಗಿ ಗುಣಮಟ್ಟಕ್ಕೆ. ವಿಡಿಯೋಗಳು ಇವೆರಡನ್ನೂ ಬೆರೆಸಿ ಒಂದೇ ಬಾಟಲಿಯಲ್ಲಿ ಮಾರುತ್ತವೆ.

ಅಲ್ಲಿ ಮೊದಲು ಆಗಿದ್ದು ಮಣ್ಣಿನ ಪರೀಕ್ಷೆ, ಆಮೇಲೆ ಗೊಬ್ಬರ. ಗೋಧಿಯಿಂದ ನಾವು ತರಬೇಕಾದ ಪಾಠ ಅದು.

ಬದು ಎಲ್ಲಿ ತಗ್ಗೋ, ನೀರು ಅಲ್ಲಿಯವರೆಗೆ

ಭತ್ತದ ಗದ್ದೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಗದ್ದೆಯ ಮೂರು ಕಡೆ ಬದು ಎರಡಡಿ ಎತ್ತರ ಇರಲಿ, ನಾಲ್ಕನೇ ಕಡೆ ಒಂದು ಜಾಗದಲ್ಲಿ ಅರ್ಧ ಅಡಿಗೆ ಕುಸಿದಿದ್ದರೆ ಗದ್ದೆಯಲ್ಲಿ ನೀರು ನಿಲ್ಲೋದು ಅರ್ಧ ಅಡಿಯೇ. ಉಳಿದ ಬದುವಿಗೆ ಎಷ್ಟು ಮಣ್ಣು ಏರಿಸಿದರೂ ಪ್ರಯೋಜನ ಇಲ್ಲ.

ಗಿಡದ ಆಹಾರವೂ ಹಾಗೆಯೇ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 19ನೇ ಶತಮಾನದಲ್ಲಿ ಪ್ರಚಾರಕ್ಕೆ ತಂದ 'ಕನಿಷ್ಠದ ನಿಯಮ' ಹೇಳೋದು ಇದನ್ನೇ: ಇಳುವರಿಯನ್ನು ನಿರ್ಧರಿಸೋದು ಅತಿ ಕಮ್ಮಿ ಇರೋ ಪೋಷಕಾಂಶ. ಜೋಳಕ್ಕೆ ಸಾರಜನಕ ಬೇಕಿರೋದು ಎಕರೆಗೆ ಹತ್ತಾರು ಕೆ.ಜಿ.; ಸತು ಬೇಕಿರೋದು ಗ್ರಾಂ ಲೆಕ್ಕದಲ್ಲಿ. ಆದರೆ ಆ ಗ್ರಾಂ ಸಿಗದಿದ್ದರೆ ಈ ಕೆ.ಜಿ. ಕೆಲಸಕ್ಕೆ ಬರಲ್ಲ. ಬಳಕೆಯಾಗದ ಸಾರಜನಕ ಗಾಳಿಗೆ ಹೋಗುತ್ತೆ, ಮಳೆ ಜೋರಾದರೆ ಕೆಳಗಿಳಿದು ಬಾವಿ ನೀರು ಸೇರುತ್ತೆ.

ಇನ್ನೊಂದು ಕಾಟ ಇದೆ. ವರ್ಷವರ್ಷವೂ ಡಿಎಪಿ ಹಾಕಿ ಮಣ್ಣಿನಲ್ಲಿ ರಂಜಕ ಅತಿಯಾದರೆ ಗಿಡಕ್ಕೆ ಸತು ಸಿಗೋದು ಇನ್ನೂ ಕಷ್ಟ. ಅದಕ್ಕೇ ಕೃಷಿ ಇಲಾಖೆಯವರು ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಿ ಹಾಕಬೇಡಿ ಅನ್ನೋದು.

ಮೂರು ತಾಲ್ಲೂಕು, ಒಂದೇ ಔಷಧಿ ಇಲ್ಲ

ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಹನೂರು ಪ್ರತ್ಯೇಕ ತಾಲ್ಲೂಕಾಗಿದ್ದು ಈಚೆಗೆ. ಬೋರ್ಡು ಎಷ್ಟು ಸಲ ಬದಲಾದರೂ ಮಣ್ಣು ಮಾತ್ರ ಅದೇ. ಸ್ಥೂಲವಾಗಿ ಎರಡು ಲೋಕ ಇಲ್ಲಿದೆ.

ಒಂದು, ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಏರುತ್ತಾ ಹೋಗುವ ಹನೂರಿನ ಒಣಭೂಮಿ. ಹೆಚ್ಚಾಗಿ ಕೆಂಪು ಮಣ್ಣು, ಮರಳಿನ ಅಂಶ ಜಾಸ್ತಿ, ನೀರು ಹಿಡಿಯೋ ಶಕ್ತಿ ಕಮ್ಮಿ. ಇಂಥ ಮಣ್ಣಿನ ಮೊದಲ ಕೊರತೆ ಸಾವಯವ ಇಂಗಾಲ. ಮಣ್ಣಿನ ಪರೀಕ್ಷೆಯಲ್ಲಿ ಅದು ಶೇ 0.5ಕ್ಕಿಂತ ಕಮ್ಮಿ ಇದ್ದರೆ 'ಕಡಿಮೆ' ಅಂತ ಬರೀತಾರೆ. ಸಾವಯವ ಪದಾರ್ಥ ಇಲ್ಲದ ಮಣ್ಣು ತಳ ಒಡೆದ ಹಗೇವು ಇದ್ದ ಹಾಗೆ. ಏನು ತುಂಬಿದರೂ ನಿಲ್ಲಲ್ಲ. ಇಲ್ಲಿ ನಮ್ಮ ಹಿರಿಯರು ಮಾಡ್ತಿದ್ದ ಕೆಲಸ ಎಲ್ಲರಿಗೂ ಗೊತ್ತು: ಬೇಸಿಗೆಯಲ್ಲಿ ಕೆರೆಗೋಡು ಹೊಡೆಯೋದು, ಕುರಿ ಮಂದೆ ನಿಲ್ಲಿಸೋದು, ಹೊಂಗೆ ಸೊಪ್ಪು ಹಾಕೋದು, ರಾಗಿ ಸಾಲಿನ ನಡುವೆ ಅವರೆ, ತೊಗರಿ ಬಿಡೋದು. ಕೆರೆಗೋಡಿನಲ್ಲಿ ಜೇಡಿ ಇರುತ್ತೆ, ಅದು ಮರಳು ಮಣ್ಣಿಗೆ ನೀರು ಮತ್ತು ಪೋಷಕಾಂಶ ಹಿಡಿದುಕೊಳ್ಳೋ ಕೈ ಕೊಡುತ್ತೆ. 'ಸಾಯಿಲ್ ಅಮೆಂಡ್‌ಮೆಂಟ್' ಅನ್ನೋ ಇಂಗ್ಲಿಷ್ ಮಾತು ಬರೋ ಮೊದಲೇ ಎತ್ತಿನ ಗಾಡಿಯಲ್ಲಿ ಬಂದಿದ್ದ ಮಣ್ಣು ಸುಧಾರಕ ಅದು.

ಎರಡು, ಕಬಿನಿ ಬಲದಂಡೆ ನಾಲೆ ಮತ್ತು ಸುವರ್ಣಾವತಿ ಹೊಳೆಯ ನೀರು ಕಂಡ ಯಳಂದೂರು ಮತ್ತು ಕೊಳ್ಳೇಗಾಲದ ಗದ್ದೆ ಬಯಲು. ಅಲ್ಲಿನ ಕಾಟ ಬೇರೆ. ನೀರು ಸದಾ ನಿಂತ ಗದ್ದೆಯಲ್ಲಿ ಭತ್ತಕ್ಕೆ ಸತು ಸಿಗೋದು ಕಮ್ಮಿಯಾಗುತ್ತೆ. ನಾಟಿ ಮಾಡಿದ ಎರಡು ಮೂರು ವಾರಕ್ಕೆ ಎಲೆ ಮೇಲೆ ತುಕ್ಕಿನ ಬಣ್ಣದ ಚುಕ್ಕೆ, ಗಿಡ ಗಿಡ್ಡ. ಉತ್ತರ ಭಾರತದಲ್ಲಿ ಇದನ್ನು 'ಖೈರಾ' ರೋಗ ಅಂತಾರೆ. ರೋಗಾಣು ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾಗ, 1966ರಲ್ಲಿ ಪಂತನಗರದ ವಿಜ್ಞಾನಿ ವೈ.ಎಲ್. ನೆನೆ ಇದು ಸತುವಿನ ಕೊರತೆ ಅಂತ ತೋರಿಸಿಕೊಟ್ಟರು. ಇವತ್ತಿಗೂ ಎಷ್ಟೋ ಕಡೆ ಈ ಚುಕ್ಕೆಗೆ ಶಿಲೀಂಧ್ರನಾಶಕ ಹೊಡೀತಾರೆ.

ನಾಲೆ ನೀರು ಬಸಿದು ಹೋಗದ ತಗ್ಗಿನ ಗದ್ದೆಗಳ ಕಾಟ ಚೌಳು. ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಕಾಣುತ್ತೆ. ಎಲ್ಲ ಚೌಳೂ ಒಂದಲ್ಲ. ಬರೀ ಉಪ್ಪು ಸೇರಿದ್ದರೆ ಒಳ್ಳೆ ನೀರು ಹಾಯಿಸಿ, ಬಸಿಗಾಲುವೆಯಲ್ಲಿ ಹೊರಗೆ ಕಳಿಸಿದರೆ ತೊಳೆದು ಹೋಗುತ್ತೆ. ಸೋಡಿಯಂ ಜೇಡಿಗೆ ಅಂಟಿಕೊಂಡಿದ್ದರೆ, ಪಿಎಚ್ 8.5 ದಾಟಿದ್ದರೆ, ಮಣ್ಣಿನ ಕಣ ಒಡೆದು ಗಾರೆಯ ಹಾಗಾಗುತ್ತೆ. ನೀರು ಒಳಗೆ ಇಳಿಯೋದೇ ಇಲ್ಲ. ಅಲ್ಲಿ ಬೇಕಿರೋದು ಜಿಪ್ಸಮ್. ಜಿಪ್ಸಮ್ಮಿನ ಕ್ಯಾಲ್ಸಿಯಂ ಜೇಡಿಯ ಮೇಲೆ ಕೂತ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತೆ. ಎದ್ದ ಸೋಡಿಯಂ ಸಲ್ಫೇಟಿನ ಜೊತೆ ಸೇರಿ ನೀರಿನಲ್ಲಿ ಕರಗುತ್ತೆ. ಆ ನೀರು ಗದ್ದೆಯಿಂದ ಹೊರಗೆ ಹೋಗಲೇಬೇಕು. ಹೋಗೋಕೆ ದಾರಿ ಇಲ್ಲದಿದ್ದರೆ ಜಿಪ್ಸಮ್ ಹಾಕಿದ್ದೂ ವ್ಯರ್ಥ. ಎಷ್ಟು ಹಾಕಬೇಕು ಅನ್ನೋದನ್ನು ಪ್ರಯೋಗಾಲಯವೇ ಹೇಳಬೇಕು.

ಬಸಿಗಾಲುವೆ ಮಾತ್ರ ಒಬ್ಬ ರೈತನ ಕೈಯಲ್ಲಿಲ್ಲ. ಅದು ಹತ್ತು ಜನರ ಜಮೀನು ದಾಟಿ ಹೋಗಬೇಕು, ಹೂಳು ತೆಗೆಯೋಕೆ ನೀರಾವರಿ ಇಲಾಖೆ ಬರಬೇಕು. ಚೌಳು ನೋಡೋಕೆ ಮಣ್ಣಿನ ಸಮಸ್ಯೆ. ಅದರ ಅರ್ಧ ಭಾಗ ಆಡಳಿತದ ಸಮಸ್ಯೆ.

ಬಾಟಲಿಯ ಲೆಕ್ಕ

ಈಗ ಎಲೆಗೆ ಸಿಂಪಡಿಸೋ ವಿಷಯ. ಇದು ಮೋಸವೂ ಅಲ್ಲ, ಮಾಯವೂ ಅಲ್ಲ. ಒಂದು ಸರಳ ಲೆಕ್ಕ ಹಾಕೋಣ.

ಎಕರೆಗೆ 200 ಲೀಟರ್ ನೀರು. ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎಲೆ ಸುಡದಿರಲಿ ಅಂತ ಜೊತೆಗೆ 2.5 ಗ್ರಾಂ ಸುಣ್ಣ. ಒಟ್ಟು ಒಂದು ಕೆ.ಜಿ. ಸತುವಿನ ಸಲ್ಫೇಟ್. ಸಾಮಾನ್ಯವಾಗಿ ಸಿಗೋ ಹರಳಿನಲ್ಲಿ ಶೇ 21ರಷ್ಟು ಸತು ಇರುತ್ತೆ. ಅಂದರೆ ಎಲೆ ಮೇಲೆ ಬಿದ್ದಿದ್ದು ಸುಮಾರು 210 ಗ್ರಾಂ. ಬೆಳೆಗೆ ಬೇಕಿರೋದೇ ಗ್ರಾಂ ಲೆಕ್ಕದಲ್ಲಿ ಆದ್ದರಿಂದ ಇದು ದೊಡ್ಡ ಸಹಾಯ. ನಿಂತ ಬೆಳೆಯಲ್ಲಿ ಕೊರತೆ ಕಂಡಾಗ ಇದಕ್ಕಿಂತ ಬೇಗ ಮುಟ್ಟೋ ದಾರಿ ಇಲ್ಲ.

ಅದೇ 200 ಲೀಟರಿಗೆ ಶೇ 2ರ ಯೂರಿಯಾ ಬೆರೆಸಿ ಹೊಡೆಯಿರಿ. 4 ಕೆ.ಜಿ. ಯೂರಿಯಾ, ಅದರಲ್ಲಿ ಸಾರಜನಕ ಶೇ 46, ಅಂದರೆ 1.84 ಕೆ.ಜಿ. ಮಳೆಯಾಶ್ರಿತ ಮುಸುಕಿನ ಜೋಳಕ್ಕೆ ಶಿಫಾರಸು ಹೆಕ್ಟೇರಿಗೆ 100 ಕೆ.ಜಿ. ಸಾರಜನಕ, ಎಕರೆಗೆ 40. ಒಂದು ಸಿಂಪರಣೆ ಅದರ ಶೇ 5ನ್ನೂ ಮುಟ್ಟಲ್ಲ. ಬರದಲ್ಲಿ ಬೇರು ಒಣಗಿ ಮಣ್ಣಿನಿಂದ ಏನೂ ಹೀರಲಾಗದಾಗ ಗಿಡದ ಜೀವ ಹಿಡಿಯೋಕೆ ಇದು ಸರಿ. ಮೂಟೆಯ ಬದಲಿಗೆ ಅಲ್ಲ.

ಇನ್ನು ನ್ಯಾನೋ ಯೂರಿಯಾ. 2021ರಲ್ಲಿ ಇಫ್ಕೋ ತಂದಾಗ ಹೇಳಿದ್ದು ಅರ್ಧ ಲೀಟರ್ ಬಾಟಲಿ 45 ಕೆ.ಜಿ. ಮೂಟೆಗೆ ಸಮ ಅಂತ. ಆಗಿನ ಬಾಟಲಿಯಲ್ಲಿ ಶೇ 4ರಷ್ಟು ಸಾರಜನಕ, ಅಂದರೆ 20 ಗ್ರಾಂ. ಮೂಟೆಯಲ್ಲಿ 20.7 ಕೆ.ಜಿ. ಸಾವಿರ ಪಟ್ಟು ವ್ಯತ್ಯಾಸ. ಆಮೇಲೆ ಶೇ 20ರ ಹೊಸ ಬಾಟಲಿ ಬಂತು. ಅದರಲ್ಲೂ ಇರೋದು 100 ಗ್ರಾಂ. ನ್ಯಾನೋ ಕಣ ಎಲೆಯೊಳಗೆ ಹೆಚ್ಚು ಚುರುಕಾಗಿ ಹೋಗುತ್ತೆ ಅನ್ನೋದನ್ನು ಒಪ್ಪಿದರೂ, ಹೋಗೋ ಸರಕು 20 ಗ್ರಾಂ ಇದ್ದಾಗ ಗಿಡಕ್ಕೆ 20 ಕೆ.ಜಿ. ಎಲ್ಲಿಂದ ಬರಬೇಕು? ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎರಡು ವರ್ಷ ಗದ್ದೆಯಲ್ಲಿ ಪ್ರಯೋಗ ಮಾಡಿದರು. ಮಾಮೂಲಿ ಯೂರಿಯಾ ಕಡಿತ ಮಾಡಿ ನ್ಯಾನೋ ಹೊಡೆದಾಗ ಗೋಧಿ ಇಳುವರಿ ಸುಮಾರು ಶೇ 21, ಭತ್ತದ್ದು ಶೇ 13ರಷ್ಟು ಇಳಿಯಿತು. ಕಾಳಿನ ಸಾರಜನಕವೂ, ಅಂದರೆ ಪ್ರೋಟೀನೂ ಇಳಿಯಿತು. ಇಳುವರಿಯೂ ಗುಣಮಟ್ಟವೂ ಒಟ್ಟಿಗೆ ಹೋದ ಹಾಗಾಯಿತು. ಇಫ್ಕೋ ತನ್ನ ಪ್ರಯೋಗಗಳ ಫಲಿತಾಂಶ ಚೆನ್ನಾಗಿದೆ ಅಂತಲೇ ಹೇಳುತ್ತೆ. ನನಗೆ ಮೇಲಿನ ಲೆಕ್ಕವೇ ಸಾಕು.

ಬೆಲೆಯೇ ಬೋಧಕ

ಇಷ್ಟೆಲ್ಲ ಗೊತ್ತಿದ್ದೂ ರೈತರು ಯಾಕೆ ಯೂರಿಯಾನೇ ಸುರೀತಾರೆ? ಬೆಲೆ ನೋಡಿ. 45 ಕೆ.ಜಿ. ಯೂರಿಯಾ ಮೂಟೆ 266 ರೂಪಾಯಿ 50 ಪೈಸೆ. ಕೆ.ಜಿ.ಗೆ ಆರು ರೂಪಾಯಿಯೂ ಇಲ್ಲ. ಡಿಎಪಿ 50 ಕೆ.ಜಿ.ಗೆ 1,350 ರೂಪಾಯಿ. ಅಂಗಡಿಯಲ್ಲಿ ಒಂದು ಕೆ.ಜಿ. ಸತುವಿನ ಸಲ್ಫೇಟಿಗೆ ಕೊಡೋ ದುಡ್ಡಿನಲ್ಲಿ ಹತ್ತು ಕೆ.ಜಿ. ಯೂರಿಯಾ ಬರುತ್ತೆ.

2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪೋಷಕಾಂಶ ಆಧಾರಿತ ಸಬ್ಸಿಡಿ ತಂದಿತು. ಗೊಬ್ಬರದ ಹೆಸರು ನೋಡಿ ಅಲ್ಲ, ಒಳಗಿರೋ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ ನೋಡಿ ಸಬ್ಸಿಡಿ ಕೊಡೋಣ, ಆಗ ರೈತರು ಸಮತೋಲನದಲ್ಲಿ ಹಾಕ್ತಾರೆ ಅನ್ನೋದು ಆಲೋಚನೆ. ಆದರೆ ಯೂರಿಯಾವನ್ನು ಈ ಪದ್ಧತಿಯಿಂದ ಹೊರಗಿಟ್ಟರು. ಅದರ ಬೆಲೆ ಮುಟ್ಟೋ ಧೈರ್ಯ ಮನಮೋಹನ್ ಸಿಂಗ್ ಸರ್ಕಾರಕ್ಕೂ ಇರಲಿಲ್ಲ, ಮೋದಿ ಸರ್ಕಾರಕ್ಕೂ ಇಲ್ಲ. ಪರಿಣಾಮ, ಉಳಿದ ಗೊಬ್ಬರದ ಬೆಲೆ ಏರಿತು, ಯೂರಿಯಾ ಇದ್ದಲ್ಲೇ ಇತ್ತು, ತಕ್ಕಡಿ ಇನ್ನಷ್ಟು ವಾಲಿತು. ಸತು, ಬೋರಾನ್ ಬೆರೆಸಿದ ಗೊಬ್ಬರಕ್ಕೆ ಟನ್ನಿಗೆ ಕೆಲವು ನೂರು ರೂಪಾಯಿ ಹೆಚ್ಚುವರಿ ಸಬ್ಸಿಡಿ ಇದೆ, ಅಷ್ಟೇ. 2022-23ರಲ್ಲಿ ದೇಶದ ಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಆ ದುಡ್ಡಿನ ದೊಡ್ಡ ಪಾಲು ಹೋಗೋದು ಯೂರಿಯಾಕ್ಕೆ.

ಇದರ ರಾಜಕೀಯ 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ನೋಡಿದೆವು. ಯೂರಿಯಾ ಸಿಗದೆ ರೈತರು ಸಾಲುಗಟ್ಟಿ ನಿಂತರು, ಕೊಪ್ಪಳದಲ್ಲಿ ರೈತರೊಬ್ಬರು ಮಣ್ಣು ತಿಂದು ಸಂಕಟ ತೋಡಿಕೊಂಡರು. ಕೇಂದ್ರ ಹಂಚಿಕೆಯಷ್ಟು ಕಳಿಸಿಲ್ಲ ಅಂತ ಸಿದ್ದರಾಮಯ್ಯ ಸರ್ಕಾರ. ರಾಜ್ಯದ ನಿರ್ವಹಣೆಯೇ ಸರಿ ಇಲ್ಲ ಅಂತ ಬಿಜೆಪಿ. ಎಷ್ಟು ಟನ್ ಬಂತು, ಎಷ್ಟು ಬರಬೇಕಿತ್ತು ಅನ್ನೋದೇ ಚರ್ಚೆ. ಹೊಲಕ್ಕೆ ನಿಜಕ್ಕೂ ಏನು ಬೇಕಿತ್ತು ಅಂತ ಯಾವ ಪಕ್ಷವೂ ಕೇಳಲಿಲ್ಲ. ನಾವು ಪತ್ರಕರ್ತರೂ ಕೇಳಲಿಲ್ಲ.

ಕೊರತೆ ಬಂದಾಗಲೇ ಅಂಗಡಿಗಳಲ್ಲಿ 'ಜೊತೆಗೆ ಇದೂ ತಗೋ' ವ್ಯಾಪಾರ ಜೋರಾಗೋದು. ಇದು ಕಾನೂನುಬಾಹಿರ ಅಂತ ಸರ್ಕಾರಗಳೇ ಮತ್ತೆ ಮತ್ತೆ ಎಚ್ಚರಿಸಿವೆ. ಆದರೂ ಮಾವನ ಕೊಟ್ಟಿಗೆಗೆ ಬಾಟಲಿ ಬಂದಿದೆ. ಅಗ್ಗದ ಯೂರಿಯಾದ ನಿಜವಾದ ಬೆಲೆ ಬಿಲ್ಲಿನಲ್ಲಿ ಕಾಣಲ್ಲ.

ಕಾರ್ಡಿನಲ್ಲಿರೋದು ಯಾರ ಮಣ್ಣು?

'ಮಣ್ಣು ಆರೋಗ್ಯ ಚೀಟಿ ಇದೆಯಲ್ಲ' ಅಂತ ನೀವು ಕೇಳಬಹುದು. ಇದೆ. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತಗಢದಲ್ಲಿ ಪ್ರಧಾನಿ ಮೋದಿ ಚಾಲನೆ ಕೊಟ್ಟ ಯೋಜನೆ. ಪಿಎಚ್, ಲವಣಾಂಶ, ಸಾವಯವ ಇಂಗಾಲದಿಂದ ಹಿಡಿದು ಸತು, ಬೋರಾನ್‌ವರೆಗೆ 12 ಅಂಶ ಅದರಲ್ಲಿ ಬರುತ್ತೆ. ಯೋಜನೆ ಒಳ್ಳೆಯದೇ. ತೊಡಕು ಮಾದರಿ ತೆಗೆಯೋದರಲ್ಲಿದೆ. ನಿಯಮದ ಪ್ರಕಾರ ನೀರಾವರಿ ಜಮೀನಿನಲ್ಲಿ 2.5 ಹೆಕ್ಟೇರಿಗೆ ಒಂದು ಮಾದರಿ. ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು. 10 ಹೆಕ್ಟೇರ್ ಅಂದರೆ ಸುಮಾರು 25 ಎಕರೆ. ಮಾವನಂಥ ಮೂರೂವರೆ ಎಕರೆಯವರು ಏಳು ಜನ ಅದರೊಳಗೆ ಹಿಡೀತಾರೆ. ಏಳು ಜನರ ಕೈಯಲ್ಲೂ ಕಾರ್ಡು. ಮಣ್ಣು ಹೋಗಿರೋದು ಒಬ್ಬರ ಹೊಲದ್ದೋ, ಯಾರದ್ದೂ ಅಲ್ಲದ್ದೋ. ಅಳತೆ ಯಂತ್ರ ಎಷ್ಟೇ ನಿಖರ ಇದ್ದರೂ ತಪ್ಪು ಜಾಗದಲ್ಲಿ ಇಟ್ಟರೆ ಓದಿದ್ದು ತಪ್ಪೇ ಅನ್ನೋದು ಇಂಜಿನಿಯರಿಂಗಿನ ಮೊದಲ ವರ್ಷದ ಪಾಠ.

ಮಾಡಿ ಬಿಟ್ಟ ಕೆಲಸ

ಇದನ್ನೆಲ್ಲ ಹೇಳಿದರೆ 'ಆಗದ ಮಾತು' ಅಂತಾರೆ. ಆದರೆ ಕರ್ನಾಟಕ ಇದನ್ನು ಒಮ್ಮೆ ಮಾಡಿತ್ತು. 2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ಸೇರಿ 'ಭೂಚೇತನ' ಶುರುಮಾಡಿತು. ಮೊದಲು ಕೆಲವು ಜಿಲ್ಲೆ, ಆಮೇಲೆ ಎಲ್ಲ 30 ಜಿಲ್ಲೆ. ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಜಿಪ್ಸಮ್, ಸತುವಿನ ಸಲ್ಫೇಟ್, ಬೋರಾಕ್ಸ್ ಅರ್ಧ ಬೆಲೆಗೆ ರೈತ ಸಂಪರ್ಕ ಕೇಂದ್ರಕ್ಕೆ ಬಂತು. ಊರೂರಲ್ಲಿ 'ರೈತ ಅನುವುಗಾರ'ರನ್ನು ನೇಮಿಸಿದರು. ಅಕ್ಕಪಕ್ಕದ ರೈತರೇ ಅವರು, ಹೊಲಕ್ಕೆ ಬಂದು ಹೇಳ್ತಿದ್ದರು. ಒಳ್ಳೆ ಬೀಜ, ಬೀಜೋಪಚಾರದ ಜೊತೆಗೆ ಇವೆಲ್ಲ ಸೇರಿ ಹಲವು ಬೆಳೆಗಳಲ್ಲಿ ಇಳುವರಿ ಶೇ 20ಕ್ಕೂ ಮೇಲೆ ಹೆಚ್ಚಿತು ಅಂತ ಇಕ್ರಿಸ್ಯಾಟ್ ವರದಿಗಳು ಹೇಳಿದವು.

ಸರ್ಕಾರ ಬದಲಾದ ಹಾಗೆ ಯೋಜನೆಗಳ ಹೆಸರು ಬದಲಾಯಿತು, ಒತ್ತು ಬೇರೆ ಕಡೆಗೆ ಸರಿಯಿತು. ಮಣ್ಣಿನಲ್ಲಿ ಸೇರೋ ಸತು ಫೋಟೋದಲ್ಲಿ ಕಾಣಲ್ಲ. ಚೆಕ್ ಡ್ಯಾಂ ಹಾಗೆ ಅದಕ್ಕೆ ಟೇಪು ಕತ್ತರಿಸೋಕಾಗಲ್ಲ.

ಇನ್ನೊಂದು ವಾದವನ್ನೂ ಗೌರವದಿಂದ ನೋಡಬೇಕು. ಇದೇ ಜಿಲ್ಲೆಯ ಹೊಂಡರಬಾಳಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕನಸಿನ 'ಅಮೃತಭೂಮಿ' ಇದೆ. ಗೊಬ್ಬರದ ಕಂಪನಿಗಳ ಹಿಡಿತದಿಂದ ರೈತ ಹೊರಬರಬೇಕು, ಮಣ್ಣಿಗೆ ಜೀವ ಬಂದರೆ ಉಳಿದಿದ್ದು ತಾನೇ ಬರುತ್ತೆ ಅನ್ನೋದು ಅಲ್ಲಿನ ನಿಲುವು. ಬಾಟಲಿಗಳ ಸಾಲು ನೋಡಿದ ಮೇಲೆ ಅದರ ಮೊದಲ ಭಾಗಕ್ಕೆ ನಾನು ಪೂರ್ತಿ ಸೈ. ಎರಡನೇ ಭಾಗಕ್ಕೆ ಮುಕ್ಕಾಲು. ಸಾವಯವ ಪದಾರ್ಥ ಹೆಚ್ಚಿದರೆ ಮಣ್ಣಿನಲ್ಲಿ ಸಿಕ್ಕಿಬಿದ್ದ ಸತು ಬಿಡುಗಡೆಯಾಗುತ್ತೆ, ನಿಜ. ಆದರೆ ಕೊರತೆ ಇರೋ ಹೊಲದ ಮೇವು ತಿಂದ ದನದ ಸಗಣಿಯಲ್ಲೂ ಅದೇ ಕೊರತೆ ಇರುತ್ತೆ. ಹತ್ತಾರು ವರ್ಷ ಫಸಲಿನ ಜೊತೆ ಹೊರಗೆ ಹೋಗಿದ್ದನ್ನು ಒಮ್ಮೆಯಾದರೂ ಹೊರಗಿನಿಂದ ತಂದು ತುಂಬಬೇಕು. ತಿಪ್ಪೆಗೊಬ್ಬರವೋ ಸತುವೋ ಅನ್ನೋ ಜಗಳ ಬೇಕಿಲ್ಲ, ಎರಡೂ ಬೇಕು.

ಏನು ಕೇಳಬೇಕು, ಏನು ಮಾಡಬೇಕು

ನೀವು ಊರಿನ ಗ್ರಾಮಸಭೆಗೆ ಹೋಗೋರಾದರೆ, ಸಂಘಟನೆಯಲ್ಲಿ ಇರೋರಾದರೆ, ಯೂರಿಯಾ ಲಾರಿ ಯಾವಾಗ ಬರುತ್ತೆ ಅನ್ನೋದರ ಜೊತೆ ಇವನ್ನೂ ಕೇಳಿ. ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆಗೆ ಮೊದಲು ಸತು, ಬೋರಾನ್, ಜಿಪ್ಸಮ್ ದಾಸ್ತಾನು ಇದೆಯಾ? ಮಣ್ಣಿನ ಮಾದರಿ ಯಾವ ಸರ್ವೆ ನಂಬರಿನಿಂದ ತೆಗೆದರು? ನಾಲೆ ಕೆಳಗಿನ ಬಸಿಗಾಲುವೆಯ ಹೂಳು ಕೊನೇ ಸಲ ತೆಗೆದಿದ್ದು ಯಾವಾಗ? ಯೂರಿಯಾ ಜೊತೆ ಬಾಟಲಿ ಹೊರಿಸಿದ ಅಂಗಡಿಯ ಮೇಲೆ ಕ್ರಮ ಆಯ್ತಾ? ಕೆರೆಗೋಡು ಹೊಡೆಯೋಕೆ ಪಂಚಾಯ್ತಿ ಏನು ಮಾಡಿದೆ?

ಮನೆಯ ಹೊಲಕ್ಕಾದರೆ, ಬಿತ್ತನೆಗೆ ಎರಡು ತಿಂಗಳು ಮೊದಲೇ ಮಣ್ಣು ತೆಗೆಯಿರಿ. ಬದು, ತಿಪ್ಪೆ, ಮರದ ಬುಡ ಬಿಟ್ಟು ಏಳೆಂಟು ಕಡೆ ಗೇಣುದ್ದ ಅಗೆದು ಬೆರೆಸಿ ಅರ್ಧ ಕೆ.ಜಿ. ಪ್ರಯೋಗಾಲಯಕ್ಕೆ ಕೊಡಿ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸತು 0.6 ಪಿಪಿಎಂಗಿಂತ ಕಮ್ಮಿ ಬಂದರೆ ಕೊರತೆ ಅಂತ ಲೆಕ್ಕ. ಭತ್ತಕ್ಕಾದರೆ ಎಕರೆಗೆ 8ರಿಂದ 10 ಕೆ.ಜಿ. ಸತುವಿನ ಸಲ್ಫೇಟನ್ನು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಹಾಕೋದು ರೂಢಿ. ಬೇರೆ ಬೆಳೆಗೆ ಎಷ್ಟು ಅಂತ ಅವರೇ ಹೇಳ್ತಾರೆ. ಪ್ರತಿ ಬೆಳೆಗೂ ಹಾಕಬೇಕಿಲ್ಲ, ಒಮ್ಮೆ ಹಾಕಿದ್ದು ಎರಡು ಮೂರು ಬೆಳೆಗೆ ಬರುತ್ತೆ. ಬೋರಾನ್ ವಿಷಯದಲ್ಲಿ ಮಾತ್ರ ಕೈ ಬಿಗಿ ಇರಲಿ. ಕೊರತೆಗೂ ವಿಷಕ್ಕೂ ಅಂತರ ಬಹಳ ಕಮ್ಮಿ.

ಇನ್ನೂ ಒಂದು ಮಾತು: ಹೊಲದಲ್ಲಿ ಒಂದು ಪಟ್ಟೆಗೆ ಏನೂ ಹಾಕದೆ ಬಿಡಿ. ಯಾವ ವಿಡಿಯೋ, ಯಾವ ಅಂಗಡಿಯವನೂ ಕೊಡದ ಪುರಾವೆ ಅದು ಕೊಡುತ್ತೆ.

ಮಾವನ ಹೊಲದ ಮಣ್ಣಿನಲ್ಲಿ ಸತು 0.4 ಬಂತು. ಮುಂದಿನ ಮುಂಗಾರಿಗೆ ತಿಪ್ಪೆಗೊಬ್ಬರದ ಜೊತೆ ಸತು ಬೆರೆಸಿ ಹಾಕಿದರು, ಯೂರಿಯಾ ಒಂದು ಮೂಟೆ ಕಮ್ಮಿ ಮಾಡಿದರು, ನನ್ನ ಕಾಟಕ್ಕೆ ಆರು ಸಾಲು ಸತು ಇಲ್ಲದೆ ಬಿಟ್ಟರು. ಆರು ಸಾಲಿನಲ್ಲಿ ಬಿಳಿ ಪಟ್ಟೆ ಮತ್ತೆ ಬಂತು, ಉಳಿದ ಕಡೆ ಬರಲಿಲ್ಲ. ಇಳುವರಿ ಡಬಲ್ ಆಯ್ತು ಅಂತ ಬರೆಯೋಕೆ ಆಸೆ ಇತ್ತು. ಆದರೆ ತೆನೆ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಿತು, ಎರಡೂ ಕಡೆ ಕಾಳು ಸೊರಗಿತು. ಸತು ಹಾಕಿದ ಕಡೆ ತೆನೆ ಒಂದಿಷ್ಟು ಗಟ್ಟಿ ಇತ್ತು, ಅಷ್ಟೇ.

"ಮಳೆ ಇಲ್ದೆ ಸತು ಏನ್ ಮಾಡಾದು ಬುಡು" ಅಂದರು ಮಾವ. ಆಮೇಲೆ ಹೊಲದ ತಗ್ಗು ಮೂಲೆ ಕಡೆ ನೋಡುತ್ತಾ, "ಬ್ಯಾಸ್ಗೆಲಿ ನಾಕ್ ಲೋಡು ಕೆರೆಗೋಡು ಹೊಡಿಸ್ಬೇಕು ಕನ, ನೀರಾದ್ರೂ ನಿಂತದೆ" ಅಂದರು. ಆ ಸಲ ಬಾಟಲಿ ತಂದಿರಲಿಲ್ಲ.